ಬೀಳದ ಆಟ ಹುಡುಕಿ ಹಾಲೆಂಡಿಗೆ

ಸುಳ್ಯ: ಹೊರಡುವ ಮೊದಲು

ನನ್ನ ಕಸುಬು ಶಾಮಿಯಾನದ್ದು. ಸುಳ್ಯದಿಂದ ಅತ್ತ ಪುತ್ತೂರು, ಇತ್ತ ಕಡಬದವರೆಗೆ ಎಲ್ಲಿ ನಾಲ್ಕು ಜನ ಸೇರಿ ಐದನೆಯವನ ಭಾಷಣ ಕೇಳಬೇಕೋ ಅಲ್ಲಿ ನನ್ನ ಕಂಬ, ನನ್ನ ಬಟ್ಟೆ, ನನ್ನ ಕುರ್ಚಿ, ನನ್ನ ಮೈಕು. ಈ ಸೀಮೆಯ ಭಾಷಣಗಳನ್ನೆಲ್ಲ ನಾನು ವೇದಿಕೆಯ ಹಿಂಬದಿಯಲ್ಲಿ ಆಂಪ್ಲಿಫೈಯರಿನ ಪಕ್ಕ ಕೂತು ಕೇಳಿದ್ದೇನೆ. ಇನ್ನೂ ಕಿವಿ ಕೇಳಿಸುತ್ತದೆ ಎಂದರೆ ಅದು ಹಿರಿಯರ ಪುಣ್ಯ.

ಮಕ್ಕಳ ಬೇಸಿಗೆ ಶಿಬಿರಕ್ಕೆ ನಾನು ಬಂದದ್ದೂ ಚಪ್ಪರದ ದಾರಿಯಲ್ಲೇ. ಊರಿನ ಸಮಿತಿಯೊಂದು ಪ್ರತಿ ಏಪ್ರಿಲ್‌ನಲ್ಲಿ ಶಿಬಿರ ನಡೆಸುತ್ತಿತ್ತು. ಚಪ್ಪರ ಹಾಕಲು ಹೋದವನು ನೋಡಿದೆ, ಸಮಿತಿಯಲ್ಲಿ ಅಧ್ಯಕ್ಷರಿದ್ದಾರೆ, ಗೌರವಾಧ್ಯಕ್ಷರಿದ್ದಾರೆ, ಸಂಚಾಲಕರಿದ್ದಾರೆ, ಸಹಸಂಚಾಲಕರಿದ್ದಾರೆ. ಮಕ್ಕಳನ್ನು ಆಡಿಸುವವರು ಮಾತ್ರ ಯಾರೂ ಇಲ್ಲ. ಸರಿ, ಇವತ್ತೊಂದು ದಿನ ನೋಡಿಕೊಳ್ಳುವ ಎಂದು ಉಳಿದೆ. ಆ ಒಂದು ದಿನ ಇನ್ನೂ ಮುಗಿದಿಲ್ಲ.

ನಮ್ಮ ಶಿಬಿರದ ಕ್ರಮ ಹೀಗೆ. ಬೆಳಿಗ್ಗೆ ಉದ್ಘಾಟನೆ. ಅಡಿಕೆಯ ಹಿಂಗಾರ ಅರಳಿಸುವುದು, ದೀಪ ಬೆಳಗಿಸುವುದು, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಸ್ಮರಣಿಕೆ. ಮಕ್ಕಳು ಚಪ್ಪಾಳೆಗೆ ಬೇಕಾಗುತ್ತಾರೆ. ಅದಾದ ಮೇಲೆ ಪುತ್ತೂರಿನಿಂದ ಒಬ್ಬರು ಸಂಪನ್ಮೂಲ ವ್ಯಕ್ತಿ ಬಂದು 'ಬದುಕಿನಲ್ಲಿ ಆಟದ ಮಹತ್ವ' ಎಂಬ ವಿಷಯದ ಮೇಲೆ ಊಟದವರೆಗೆ ಮಾತಾಡುತ್ತಾರೆ. ಆಟಕ್ಕೆ ಉಳಿಯುವುದು ಅವರು ಚಹಾ ಕುಡಿಯುವಷ್ಟು ಹೊತ್ತು. ಆ ಹೊತ್ತಿನಲ್ಲಿ ನಾನು ಮಕ್ಕಳನ್ನು ಕಟ್ಟಿಕೊಂಡು ಸಭಾಭವನದ ಹಿಂದಿನ ಗೇರುಗುಡ್ಡೆಗೆ ಓಡಿಬಿಡುತ್ತಿದ್ದೆ. ವರ್ಷವಿಡೀ ನಾನು ಕುರ್ಚಿ ಎತ್ತಿ ಇಳಿಸುವವನು. ಆ ಗುಡ್ಡೆಯಲ್ಲಿ ಮಾತ್ರ ಎಲ್ಲ ಮಕ್ಕಳ ಬಾಲಣ್ಣ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ವರ್ಷದಲ್ಲಿ ಇರುವ ಸುಖವೇ ಅದು.

ಒಂದು ಏಪ್ರಿಲ್‌ನಲ್ಲಿ ಆ ಗುಡ್ಡೆಯ ಗೇರುಮರದಿಂದ ಸಫಾ ಬಿದ್ದಳು. ಸಫಾ ಎಂದರೆ ಸಮಿತಿಯ ಅಧ್ಯಕ್ಷರಾದ ಹಮೀದ್ ಹಾಜಿಯವರ ಮೊಮ್ಮಗಳು, ನಾಲ್ಕನೇ ಕ್ಲಾಸು. ಎಡಗೈ ಮುರಿಯಿತು. ಪ್ಲಾಸ್ಟರ್ ಹಾಕಿದರು, ಮಳೆಗಾಲ ಹಿಡಿಯುವಾಗ ಬಿಚ್ಚಿದರು, ಕೈ ಮೊದಲಿನ ಹಾಗೆಯೇ ಆಯಿತು. ಆದರೆ ಊರಿನ ಬಾಯಿಗೆ ಪ್ಲಾಸ್ಟರ್ ಹಾಕುವ ಡಾಕ್ಟರು ಇಲ್ಲವಲ್ಲ. ಅಜ್ಜಾವರದಿಂದ ಗುತ್ತಿಗಾರಿನವರೆಗೆ ಎಲ್ಲ ತಂದೆತಾಯಿಯರ ವಾಟ್ಸಪ್ಪಿನಲ್ಲಿ ನಾನೇ.

ಹಾಜಿಯವರಿಗೆ ಸುಳ್ಯದಲ್ಲಿ ಹಾರ್ಡ್‌ವೇರ್ ಅಂಗಡಿ. ಹರೆಯವನ್ನೆಲ್ಲ ಸೌದಿಯ ದಮ್ಮಾಮಿನಲ್ಲಿ ಕಳೆದು ಬಂದವರು, ತೂಕದ ಮನುಷ್ಯ. ಅವರು ಬೈದಿದ್ದರೆ ಸುಲಭ ಇತ್ತು. ಬೈಯಲಿಲ್ಲ. ನನ್ನ ಗೋದಾಮಿಗೆ ಬಂದು ಮಡಚಿಟ್ಟ ಬಟ್ಟೆಯ ಮೇಲೆ ಕೂತು ಹೇಳಿದರು: "ಬಾಲಾ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಆ ಮಗು ಕೂಗಿದ್ದು ಇನ್ನೂ ನನ್ನ ಕಿವಿಯಲ್ಲಿ ಉಂಟು. ಯಾರೂ ಬೀಳದ ಆಟ ಎಂತದ್ದಾದ್ರೂ ಇದ್ರೆ ಹೇಳು, ಮುಂದಿನ ವರ್ಷ ಆಡಿಸುವ. ಇಲ್ಲದಿದ್ರೆ ಒಳಗೆ ಕೂರಿಸಿ ಅಬಾಕಸ್ ಕಲಿಸುದು. ಗುಡ್ಡೆ ಬೇಡ."

ಸಮಿತಿ ಹೂಂಗುಟ್ಟಿತು. ಅಬಾಕಸ್‌ನಿಂದ ಬಿದ್ದು ಕೈ ಮುರಿದವರು ಯಾರೂ ಇಲ್ಲ ಎಂದು ಸಹಸಂಚಾಲಕರು ತಿಳಿಸಿದರು.

ಆಗಲೇ ಲಿಸ್ಸಿಯ ಫೋನು ಬಂದದ್ದು. ಲಿಸ್ಸಿ ಕಡಬದ ಹುಡುಗಿ. ನನ್ನ ಮೊದಮೊದಲ ಶಿಬಿರಗಳಲ್ಲಿ ಮೂಗು ಸುರಿಸಿಕೊಂಡು ಓಡಾಡಿದವಳು, ಈಗ ಹಾಲೆಂಡಿನ ಒಂದು ಸಣ್ಣ ಪೇಟೆಯಲ್ಲಿ ನರ್ಸು. ಅವಳ ಊರಿನಲ್ಲಿ ಪ್ರತಿ ಆಗಸ್ಟಿನಲ್ಲಿ ಊರವರೇ ಸೇರಿ ಮಕ್ಕಳಿಗೆ ಒಂದು ವಾರ ಆಟದ ಹಳ್ಳಿ ಮಾಡುತ್ತಾರಂತೆ, ಭಾರೀ ಜಾಗ್ರತೆಯ ಜನರಂತೆ, ಬಂದು ನೋಡಿ ಎಂದಳು. ಜಾಗ್ರತೆ ಎಂಬ ಮಾತು ಹಾಜಿಯವರಿಗೆ ನಾಟಿತು. ಅಷ್ಟು ಮುಂದುವರಿದ ದೇಶದಲ್ಲಿ ಬೀಳದ ಆಟ ಕಂಡುಹಿಡಿಯದೆ ಇರುತ್ತಾರಾ? ಆಗಸ್ಟಿನ ಮಳೆಗೆ ನನ್ನ ಕಂಬಗಳೂ ಮಲಗಿರುತ್ತವೆ. ಇಬ್ಬರೂ ಹೊರಟೆವು.

ವಿಮಾನ ನಿಲ್ದಾಣ

ಹಾಜಿಯವರ ಪೆಟ್ಟಿಗೆಯಲ್ಲಿ ಬಾಳೆಕಾಯಿ ಚಿಪ್ಸು, ಮಾವಿನ ಮಿಡಿ ಉಪ್ಪಿನಕಾಯಿ, ಒಂದು ದಪ್ಪ ಕಂಬಳಿ. ನನ್ನ ಪೆಟ್ಟಿಗೆಯಲ್ಲಿ ಮೈಸೂರು ಪೇಟ, ಮೂರು ಶಾಲು, ಎರಡು ಗಂಧದ ಹಾರ, ಒಂದು ಸ್ಮರಣಿಕೆ. ಕಾರ್ಯಕ್ರಮಕ್ಕೆ ಹೋಗುವಾಗ ಕೈ ಬೀಸಿಕೊಂಡು ಹೋಗುವುದು ನಮ್ಮಲ್ಲಿ ಇಲ್ಲ. ಹಿಂಗಾರವನ್ನೂ ಒಯ್ಯುವವನಿದ್ದೆ, ಗಿಡಮರದ ಸಾಮಾನು ಬಿಡುವುದಿಲ್ಲ ಎಂದು ಹಾಜಿಯವರು ತಡೆದರು.

ಆಚೆಯ ನಿಲ್ದಾಣದಲ್ಲಿ ಎತ್ತರದ ಒಬ್ಬ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದ. ಪೇಟವನ್ನು ಎರಡು ಬೆರಳಲ್ಲಿ ಎತ್ತಿ ಇದೇನು ಎಂದು ಕೇಳಿದ. ಮುಖ್ಯ ಅತಿಥಿಗೆ ಎಂದೆ. ಮುಖ್ಯ ಅತಿಥಿ ಯಾರು ಎಂದ. ಅದಿನ್ನೂ ಗೊತ್ತಿಲ್ಲ, ಯಾರು ಬರುತ್ತಾರೋ ಅವರು ಎಂದೆ. ಆತ ನನ್ನನ್ನು ನೋಡಿದ, ಪೇಟವನ್ನು ನೋಡಿದ, ಪೆಟ್ಟಿಗೆ ಮುಚ್ಚಿದ. ನಮ್ಮಲ್ಲಾದರೆ ಇಷ್ಟು ವಿವರಿಸುವ ಅಗತ್ಯವೇ ಬರುತ್ತಿರಲಿಲ್ಲ.

ಲಿಸ್ಸಿ ಕರೆದುಕೊಂಡು ಹೋಗಲು ಬಂದಿದ್ದಳು. ಅಲ್ಲಿ ಅದು ನಡುಬೇಸಿಗೆ. ಹಾಜಿಯವರು ಕಂಬಳಿ ಹೊದ್ದುಕೊಂಡರು. ಸಂಜೆ ಅವಳ ಪಕ್ಕದ ಮನೆಯ ಮುದುಕ ನಮ್ಮನ್ನು ಕಾಫಿಗೆ ಕರೆದ. ಬಿಸ್ಕತ್ತಿನ ಡಬ್ಬ ತೆರೆದು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಡಬ್ಬ ಮುಚ್ಚಿ ಕಪಾಟಿನೊಳಗೆ ಇಟ್ಟ. ಹಾಜಿಯವರು ಆ ಕಪಾಟನ್ನು ಬಹಳ ಹೊತ್ತು ನೋಡಿದರು. ಮರುದಿನ ನಮ್ಮ ಊರಿನ ಮರ್ಯಾದೆ ಎಂದರೆ ಏನೆಂದು ತೋರಿಸಬೇಕೆಂದು ಒಂದು ಇಡೀ ಪ್ಯಾಕೆಟ್ ಚಿಪ್ಸು ಒಯ್ದು ಕೊಟ್ಟರು. ಮುದುಕ ಸಂತೋಷದಿಂದ ಒಂದು ಚಿಪ್ಸು ತಿಂದು, ಪ್ಯಾಕೆಟಿನ ಬಾಯಿಗೆ ಕ್ಲಿಪ್ ಹಾಕಿ, ಬಿಸ್ಕತ್ತಿನ ಡಬ್ಬದ ಪಕ್ಕ ಇಟ್ಟ.

ಮೊದಲ ದಿನ: ಉದ್ಘಾಟನೆ ಎಲ್ಲಿ?

ಪೇಟೆಯ ಹಿಂದೆ ಒಂದು ಹುಲ್ಲಿನ ಬಯಲು. ಜಿಟಿಜಿಟಿ ಮಳೆ. ಒಂದು ಕಡೆ ಹಳೆ ಹಲಗೆ, ರೀಪು, ಸಾಮಾನು ಹೇರುವ ಮರದ ಪ್ಯಾಲೆಟ್ಟುಗಳ ದೊಡ್ಡ ರಾಶಿ. ಸುತ್ತ ಎಲ್ಲೆಲ್ಲೂ ಸೈಕಲ್ಲು, ಮಕ್ಕಳು. ನಾನು ಕಣ್ಣಿನಲ್ಲೇ ವೇದಿಕೆ ಹುಡುಕಿದೆ. ಇಲ್ಲ. ಮೈಕು ಇಲ್ಲ. ಬ್ಯಾನರ್ ಇಲ್ಲ. ಕುರ್ಚಿ ಎಂದು ನೋಡಿದರೆ ಒಂದು ಡೇರೆಯ ಕೆಳಗೆ ನಾಲ್ಕೈದು, ಅದೂ ಒಂದರ ಹಾಗೆ ಇನ್ನೊಂದು ಇಲ್ಲ. ಕಸುಬಿನವನಾಗಿ ನನಗೆ ಬೇಜಾರೇ ಆಯಿತು.

ಒಬ್ಬಾಕೆ ಒಂದು ಗಂಟೆ ಬಾರಿಸಿದಳು. ಅಷ್ಟೇ. ಮಕ್ಕಳು ಹೋ ಎಂದು ಮರದ ರಾಶಿಗೆ ನುಗ್ಗಿದರು. ಕಾರ್ಯಕ್ರಮ ಯಾವಾಗ ಸುರುವಾಗುತ್ತದೆ ಎಂದು ಲಿಸ್ಸಿಯನ್ನು ಕೇಳಿದೆ. ಸುರುವಾಯಿತಲ್ಲ ಎಂದಳು.

ಹಾಜಿಯವರು ನನ್ನ ತೋಳು ಹಿಡಿದರು. ಡೇರೆಯಲ್ಲಿ ಪ್ರತಿ ಮಗುವಿಗೂ ಒಂದು ಸುತ್ತಿಗೆ, ಒಂದು ಡಬ್ಬಿ ಮೊಳೆ ಕೊಡುತ್ತಿದ್ದರು. ಏಳು ವರ್ಷದ್ದಕ್ಕೂ ಕೊಟ್ಟರು. ಕೆಲವಕ್ಕೆ ಗರಗಸ.

"ಬಾಲಾ, ಇದೆಂತ ಮಾರಾಯ? ನನ್ನ ಅಂಗಡಿಯನ್ನೇ ತಂದು ಮಕ್ಕಳ ಕೈಯಲ್ಲಿ ಕೊಟ್ಟ ಹಾಗೆ ಉಂಟಲ್ಲ!"

ಲಿಸ್ಸಿ ವಿವರಿಸಿದಳು. ಮಕ್ಕಳು ಆರಾರು ಜನರ ಗುಂಪಾಗಿ ವಾರವಿಡೀ ಗುಡಿಸಲು ಕಟ್ಟುತ್ತಾರೆ. ಒಂದೊಂದು ಗುಂಪಿಗೆ ಇಬ್ಬರು ದೊಡ್ಡವರು. ಮಳೆ ಬರಲಿ, ಗಾಳಿ ಬರಲಿ, ಕಟ್ಟುವುದೇ ಆಟ. ಕೊನೆಯ ದಿನ ತಾವು ಕಟ್ಟಿದ್ದನ್ನು ತಾವೇ ಕೆಡವುತ್ತಾರೆ. ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಕೆಡವುದಾ ಎಂದು ಹಾಜಿಯವರು ಕೇಳಿದರು. ಕಟ್ಟಿದ್ದನ್ನು ಬಿಚ್ಚುವುದೇ ನನ್ನ ಹೊಟ್ಟೆಪಾಡಾದ್ದರಿಂದ ನನಗೆ ಅದು ವಿಚಿತ್ರ ಅನಿಸಲಿಲ್ಲ.

ಅಷ್ಟರಲ್ಲಿ ಮಳೆಕೋಟು ಹಾಕಿದ ಹೆಂಗಸೊಬ್ಬಳು ಸೈಕಲ್ಲಿನಲ್ಲಿ ಬಂದು, ಸೈಕಲ್ಲನ್ನು ಹುಲ್ಲಿನ ಮೇಲೆ ಕೆಡವಿ, ಮಕ್ಕಳ ಲೋಟಗಳಿಗೆ ಶರಬತ್ತು ಹೊಯ್ಯತೊಡಗಿದಳು. ಇವರು ಈ ಪೇಟೆಯ ಆಡಳಿತ ನೋಡುವವರು, ನಮ್ಮ ಪುರಸಭೆಯ ಅಧ್ಯಕ್ಷರ ಹಾಗೆ ಎಂದು ಲಿಸ್ಸಿ ಪಿಸುಗುಟ್ಟಿದಳು. ನನ್ನ ಮೈಯಲ್ಲಿ ವಿದ್ಯುತ್ ಹರಿಯಿತು. ಅಧ್ಯಕ್ಷರು ಬಂದು ಶರಬತ್ತು ಹೊಯ್ಯುತ್ತಿದ್ದಾರೆ, ಒಬ್ಬರಾದರೂ ಎದುರುಗೊಳ್ಳುವುದು ಬೇಡವೇ? ಚೀಲದಿಂದ ಶಾಲು, ಹಾರ, ಪೇಟ ತೆಗೆದು ಓಡಿದೆ. ಮೊದಲು ಪೇಟ ಇಟ್ಟೆ. ಸ್ವಲ್ಪ ಸಣ್ಣದಾಯಿತು, ಅವರ ತಲೆ ದೊಡ್ಡದು. ಹಾರ ಹಾಕಿದೆ. ಶಾಲು ಹೊದಿಸಿದೆ. ಚಪ್ಪಾಳೆಗೆ ತಿರುಗಿ ನೋಡಿದರೆ ಹಾಜಿಯವರು ಒಬ್ಬರೇ ತಟ್ಟುತ್ತಿದ್ದರು.

ಆ ಹೆಂಗಸು ನಕ್ಕು, ಇವತ್ತು ನಿಜವಾಗಿ ಚಳಿ ಇದೆ, ಒಳ್ಳೆಯ ಉಪಕಾರ ಎಂದು ಶಾಲನ್ನು ಕತ್ತಿಗೆ ಬಿಗಿಯಾಗಿ ಸುತ್ತಿಕೊಂಡು ಮತ್ತೆ ಶರಬತ್ತು ಹೊಯ್ದಳು. ಸ್ವಲ್ಪ ಹೊತ್ತಿಗೆ ಆ ಶಾಲು ಮಳೆಗೆ ನೆನೆದು ಚಂಡಿಯಾದ ಒಂದು ಹುಡುಗನ ಮೈ ಮೇಲಿತ್ತು. ಪೇಟ ಒಂದು ಗುಡಿಸಲಿನ ಕಂಬದ ತುದಿಯಲ್ಲಿತ್ತು. ಸ್ಮರಣಿಕೆಯನ್ನು ನಾನು ಮತ್ತೆ ಹೊರಗೆ ತೆಗೆಯಲಿಲ್ಲ.

ಎರಡನೇ ದಿನ: ಹೆಬ್ಬೆರಳು

ನಮ್ಮಿಬ್ಬರನ್ನೂ ಒಂದು ಗುಂಪಿನ ದೊಡ್ಡವರಾಗಿ ಹಾಕಿದರು. ಆರು ಮಕ್ಕಳಿಗೆ ನಾಯಕಿ ಫ್ಲೂರ್ ಎಂಬ ಹುಡುಗಿ. ಸಫಾಳಷ್ಟೇ ಪ್ರಾಯ, ಬದಿಯ ಎರಡು ಹಲ್ಲಿಲ್ಲ, ಮಾತು ಮಾತ್ರ ಪಂಚಾಯತಿ ಕಟ್ಟೆಯ ಯಜಮಾನನ ಹಾಗೆ. ನಮಗೆ ಅವಳ ಭಾಷೆ ಬಾರದು, ಅವಳಿಗೆ ನಮ್ಮದು ಬಾರದು. ಅವಳು ಬೆರಳು ತೋರಿಸುವುದು, ನಾವು ಹಲಗೆ ಹೊತ್ತು ತರುವುದು.

ಹಾಜಿಯವರು ದಿನವಿಡೀ ಎರಡೂ ಕೈ ಚಾಚಿಕೊಂಡು, ಯಾವ ಮಗು ಯಾವಾಗ ಬೀಳುತ್ತದೋ ಎಂದು ಹಿಂದೆ ಮುಂದೆ ಓಡಿದರು. ಅವರಿಗೆ ಊಟವೂ ಸೇರಲಿಲ್ಲ. ಊಟವೂ ಹಾಗೆಯೇ ಇತ್ತು ಅನ್ನಿ. ತಣ್ಣಗಿನ ಬ್ರೆಡ್ಡಿನ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಚಾಕಲೇಟಿನ ಹುಡಿ. ಇದನ್ನು ಊಟ ಅಂತ ನಮ್ಮ ಅಂಗನವಾಡಿಯಲ್ಲಿ ಕೊಟ್ಟರೆ ಮರುದಿನ ಪ್ರತಿಭಟನೆ ನಡೆದೀತು, ಅದಕ್ಕೆ ಶಾಮಿಯಾನವೂ ನನ್ನದೇ. ಮಜ್ಜಿಗೆಯೊಂದು ಇತ್ತು. ಉಪ್ಪಿನಕಾಯಿ ನೆಂಚಿಕೊಂಡು ಹಾಜಿಯವರು ಅದರಲ್ಲೇ ವಾರ ಕಳೆದರು.

ಸಂಜೆಗೆ ಮುಂಚೆ ಫ್ಲೂರ್ ತನ್ನ ಹೆಬ್ಬೆರಳಿಗೆ ಸುತ್ತಿಗೆ ಹೊಡೆದುಕೊಂಡಳು. ಕಿರುಚಿದಳು. ಹಾಜಿಯವರ ಮುಖ ಬಿಳಿಚಿಹೋಯಿತು. ಅವಳನ್ನು ಎತ್ತಿಕೊಂಡೇ ಡೇರೆಗೆ ಓಡಿದರು. ಅಲ್ಲಿದ್ದವಳು ಲಿಸ್ಸಿಯೇ. ತಣ್ಣೀರಿಗೆ ಹಿಡಿದಳು, ಬೆರಳು ಮಡಚಿಸಿ ನೋಡಿದಳು, ಚಿತ್ರವಿರುವ ಒಂದು ಪಟ್ಟಿ ಸುತ್ತಿದಳು. ಫ್ಲೂರ್ ಮೂಗು ಒರೆಸಿಕೊಂಡು ವಾಪಸು ಓಡಿದಳು. ಆಮೇಲೆ ನೋಡಿದರೆ ಬಯಲಿನ ಮಕ್ಕಳಲ್ಲಿ ಪಟ್ಟಿ ಇಲ್ಲದವರೇ ಕಡಿಮೆ. ಇಲ್ಲದವರು ಇದ್ದವರನ್ನು ಸ್ವಲ್ಪ ಆಸೆಯಿಂದ ನೋಡುತ್ತಿದ್ದರು.

ಆದರೆ ತಾಯಿ ಬಂದರೆ ಏನು ಹೇಳುವುದು? ಹಾಜಿಯವರು ನನ್ನಿಂದ ಇಂಗ್ಲಿಷಿನಲ್ಲಿ ಕ್ಷಮಾಪಣೆ ಬಾಯಿಪಾಠ ಮಾಡಿಕೊಂಡರು. ನನ್ನ ಇಂಗ್ಲಿಷು ಹಲೋ ಹಲೋ ಟೆಸ್ಟಿಂಗ್‌ನಿಂದ ಬಹಳ ದೂರ ಹೋದದ್ದಲ್ಲ. ತಾಯಿ ಬಂದಳು. ಹಾಜಿಯವರು ಬಾಯಿ ತೆರೆಯುವ ಮೊದಲೇ ಅವಳು ಮಗಳ ಬೆರಳು ಹಿಡಿದು ಏನೋ ಕೇಳಿದಳು, ಮಗಳು ಏನೋ ಹೇಳಿದಳು, ತಾಯಿ ಭೇಷ್ ಎನ್ನುವ ಹಾಗೆ ಬೆನ್ನು ತಟ್ಟಿದಳು, ಇಬ್ಬರೂ ಸೈಕಲ್ಲು ಹತ್ತಿ ಹೋದರು.

ಏನು ಕೇಳಿದ್ದು ಎಂದು ಹಾಜಿಯವರು ಲಿಸ್ಸಿಯ ಹಿಂದೆ ಬಿದ್ದರು. "ಮೊಳೆ ಒಳಗೆ ಹೋಯ್ತಾ ಅಂತ ಕೇಳಿದ್ದು, ಹಾಜ್ಯಾರೇ," ಎಂದಳು ಲಿಸ್ಸಿ. "ಮೂರನೇ ಪೆಟ್ಟಿಗೆ ಹೋಯ್ತು ಅಂದ್ಲು."

ಮನೆಗೆ ಹೋಗುವಾಗ ಹಾಜಿಯವರು ಕಾಲುವೆಯ ಸೇತುವೆಯ ಮೇಲೆ ನಿಂತು ನೀರು ನೋಡುತ್ತಾ ಹೇಳಿದರು: "ಸಫಾ ಬಿದ್ದಾಗ ಅವಳತ್ರ ನಾವು ಎಷ್ಟು ಜನ ಎಷ್ಟು ಪ್ರಶ್ನೆ ಕೇಳಿದೆವು. ಯಾರು ಹತ್ತಲಿಕ್ಕೆ ಹೇಳಿದ್ದು, ಯಾಕೆ ಹತ್ತಿದ್ದು, ಬಾಲಣ್ಣ ಎಲ್ಲಿದ್ದ. ಎಷ್ಟು ಎತ್ತರ ಹತ್ತಿದ್ದೆ ಮಗಾ ಅಂತ ಒಬ್ಬನೂ ಕೇಳ್ಲಿಲ್ಲ."

ನನಗೆ ಆಸೆ ಚಿಗುರಿತು. ಹಾಗಾದ್ರೆ ಗುಡ್ಡೆ, ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. ಇವರ ಮಕ್ಕಳು ಬೇರೆ, ನಮ್ಮ ಮಕ್ಕಳು ಬೇರೆ, ನನಗೆ ಧೈರ್ಯ ಇಲ್ಲ ಎಂದರು. ಅಬಾಕಸ್ ಇನ್ನೂ ಅಲ್ಲೇ ಕೂತಿತ್ತು.

ಮೂರನೇ ದಿನ: ಕೈ ತುರಿಸಿತು

ಆ ದಿನ ನನ್ನದು. ಯಾರಿಗೂ ಹೇಳದೆ ಇರುವ ಅಂದಾಜಿತ್ತು, ಆದರೆ ಹಾಜಿಯವರು ಈಗಾಗಲೇ ಊರಿಗೆಲ್ಲ ಹೇಳಿಯಾಗಿದೆ.

ನಮ್ಮ ಮಕ್ಕಳ ಗುಡಿಸಲು ನಿಲ್ಲುತ್ತಿರಲಿಲ್ಲ. ಮೂಲೆಯ ಕಂಬ ಒಂದು ಉದ್ದ, ಒಂದು ಗಿಡ್ಡ. ಅಡ್ಡಪಟ್ಟಿಯೇ ಇಲ್ಲ. ಒಂದು ಗೋಡೆಗೆ ಹಿಡಿಯಬೇಕಾದ ಮೊಳೆಯನ್ನೆಲ್ಲ ಒಂದೇ ಹಲಗೆಗೆ ಹೊಡೆದಿದ್ದರು. ನನ್ನಂಥವನು ಇದನ್ನು ನೋಡಿಕೊಂಡು ಎಷ್ಟು ಹೊತ್ತು ಕೂತಾನು? ಸಾವಿರ ಜನ ಕೂರುವ ಚಪ್ಪರವನ್ನು ಬೆಳಗಾಗುವುದರೊಳಗೆ ಎಬ್ಬಿಸಿದವನು ನಾನು. ಒಬ್ಬ ಹುಡುಗ ವಾರೆಯಾಗಿ ಮೊಳೆ ಇಟ್ಟಿದ್ದ. ಹಾಗಲ್ಲ ಮಗಾ, ಹೀಗೆ ಎಂದು ಸುತ್ತಿಗೆ ಕೇಳಿ ತೆಗೆದುಕೊಂಡೆ. ಕೊಟ್ಟ. ಒಂದು ಹೊಡೆದೆ. ಸುತ್ತಿಗೆ ಕೈಯಲ್ಲೇ ಇತ್ತು, ಇನ್ನೊಂದು ಹೊಡೆದೆ. ಆಮೇಲೆ ಕಂಬ ಸರಿಮಾಡಿದೆ. ಕಂಬ ಸರಿಯಾದ ಮೇಲೆ ಅಡ್ಡಪಟ್ಟಿ ಇಲ್ಲದಿದ್ದರೆ ಆದೀತಾ? ಅಡ್ಡಪಟ್ಟಿ ಆದ ಮೇಲೆ ತಲೆ ಮೇಲೊಂದು ಮಾಡು ಬೇಡವೇ? ಬಾಲಣ್ಣನ ಚಪ್ಪರ ಎಂದರೆ ಬಿಗಿ ಎಂದು ಹೆಸರುಂಟು. ಹಗ್ಗ ಹುಡುಕಿ ನಮ್ಮ ಗಂಟು ಹಾಕಿದೆ. ಮುಂದೆ ಸಣ್ಣ ಜಗಲಿ ತೆಗೆದೆ. ಜಗಲಿಗೆ ಇಳಿಜಾರು ಕೊಟ್ಟೆ.

ನಮ್ಮಲ್ಲಿ ಶಾಲೆಯಿಂದ ಮಗುವಿಗೆ ಮಾದರಿ ಮಾಡಿ ತರಲು ಹೇಳಿದರೆ ರಾತ್ರಿ ಅಪ್ಪ ಥರ್ಮಾಕೋಲು ಕೊಯ್ಯುವುದು, ಅಮ್ಮ ಬಣ್ಣ ಹಚ್ಚುವುದು, ಮಗು ನಿದ್ದೆ ಮಾಡುವುದು. ಬೆಳಿಗ್ಗೆ ಮಗುವಿಗೆ ಬಹುಮಾನ. ಇದನ್ನು ನಾನು ಎಷ್ಟು ವೇದಿಕೆಯ ಹಿಂದೆ ನಿಂತು ನಕ್ಕಿದ್ದೇನೋ. ಆ ದಿನ ಒಂದು ಸಲವೂ ನೆನಪಾಗಲಿಲ್ಲ.

ತಲೆ ಎತ್ತುವಾಗ ಸಂಜೆಯಾಗಿತ್ತು. ಗುಡಿಸಲು ಎಂದರೆ ಗುಡಿಸಲು! ದಾರಿಯಲ್ಲಿ ಹೋಗುವವರು ನಿಂತು ಫೋಟೋ ತೆಗೆದರು. ನನ್ನ ಎದೆ ಉಬ್ಬಿತು. ಹೇಗಾಗಿದೆ ಎಂದು ಕೇಳಲು ತಿರುಗಿದರೆ ಮಕ್ಕಳಿಲ್ಲ. ಹಾಜಿಯವರು ಒಬ್ಬರೇ ಒಂದು ಮರದ ಕಟ್ಟಿನ ಮೇಲೆ ಕೂತಿದ್ದರು, ಅಂದರೆ ಆ ವಾರದಲ್ಲಿ ಮೊದಲ ಸಲ ಕೈ ಚಾಚದೆ ಆರಾಮಾಗಿ ಕೂತಿದ್ದರು. ಮಕ್ಕಳೆಲ್ಲಿ ಎಂದೆ. ಹೋದರು ಎಂದರು. ನನಗೂ ಒಳ್ಳೇದೇ ಆಯಿತು, ಯಾರೂ ಬೀಳಲಿಲ್ಲ ಎಂದರು.

ನಾಲ್ಕನೇ ದಿನ: ನೆಂಟರು

ಬೆಳಿಗ್ಗೆ ಮಳೆ ಜೋರಾಯಿತು. ನಾನು ನನ್ನ ಗುಡಿಸಲಿನೊಳಗೆ ಕೂತಿದ್ದೆ. ಒಂದು ಹನಿ ಸೋರಲಿಲ್ಲ. ಮಕ್ಕಳು ಬಂದಾರು, ಮಳೆಗೆ ಎಲ್ಲಿ ಹೋದಾರು ಎಂದು ಕಾದೆ.

ಬಂದವಳು ಫ್ಲೂರ್, ಲಿಸ್ಸಿಯ ಕೈ ಹಿಡಿದುಕೊಂಡು. ಒಳಗೆ ಬರಲಿಲ್ಲ. ಜಗಲಿಯ ಹೊರಗೆ ಮಳೆಯಲ್ಲೇ ನಿಂತು ಭಾರೀ ಮರ್ಯಾದೆಯಿಂದ ಏನೋ ಹೇಳಿದಳು. ಲಿಸ್ಸಿ ನನ್ನ ಮುಖ ನೋಡದೆ ಕನ್ನಡ ಮಾಡಿದಳು: "ನಿಮ್ಮ ಮನೆ ತುಂಬ ಚಂದ ಉಂಟಂತೆ ಬಾಲಣ್ಣ. ಅವರೆಲ್ಲ ಒಮ್ಮೆ ನೋಡ್ಲಿಕ್ಕೆ ಬರ್ಬಹುದಾ ಅಂತ ಕೇಳ್ತಿದ್ದಾಳೆ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ನೆಂಟರ ಮನೆಗೆ ಹೋಗುವಾಗ ಕೇಳುವ ಹಾಗೆ ಕೇಳಿದ್ದು. ಬನ್ನಿ ಎಂದೆ. ಆರೂ ಜನ ಕಾಲಿನ ಕೆಸರು ಒರೆಸಿ ಒಳಗೆ ಬಂದರು, ಸುತ್ತ ನೋಡಿದರು, ಕೈ ಮಡಿಲಲ್ಲಿ ಇಟ್ಟು ಸ್ವಲ್ಪ ಹೊತ್ತು ಕೂತರು, ಥ್ಯಾಂಕ್ಯೂ ಹೇಳಿ ಹೋದರು. ಅವರ ಹಿಂದೆಯೇ ಹೋಗಿ ನೋಡಿದೆ. ಮರದ ರಾಶಿಯ ಆಚೆ ಬದಿಯಲ್ಲಿ ಅವರು ಬೇರೆಯೇ ಒಂದು ಕಟ್ಟಿಕೊಂಡಿದ್ದರು. ಅದನ್ನು ಕಟ್ಟಡ ಎನ್ನಲು ನನ್ನ ಬಾಯಿ ಬರುವುದಿಲ್ಲ. ಒಂದು ಕಡೆ ವಾಲಿತ್ತು, ಮೂರು ಕಡೆ ಸೋರುತ್ತಿತ್ತು. ಒಳಗೆ ಆರು ಮಕ್ಕಳು ಒಬ್ಬರ ಮೇಲೆ ಒಬ್ಬರು ಬಿದ್ದು ನಗುತ್ತಿದ್ದರು. ಮೇಲಿಂದ ನೀರು ಬಿದ್ದ ಹಾಗೆಲ್ಲ ನಗು ಜಾಸ್ತಿ.

ಬೈದರೆ ತಡೆದುಕೊಳ್ಳಬಹುದು, ಹೀಗೆ ಮರ್ಯಾದೆ ಕೊಟ್ಟರೆ ಎಲ್ಲಿ ಮುಖ ಇಡುವುದು? ನನ್ನ ಜಗಲಿಗೆ ವಾಪಸು ಬಂದು ಕೂತೆ. ಹಾಜಿಯವರು ಪಕ್ಕದಲ್ಲಿ ಬಂದು ಕೂತರು. ಚೀಲದಿಂದ ಚಿಪ್ಸು ತೆಗೆದು ಕೊಟ್ಟರು. ತಿಂದೆ.

ಕೊನೆಯ ದಿನ

ತಂದೆತಾಯಿಯರು ಬಂದರು, ಬಗ್ಗಿ ಬಗ್ಗಿ ಗುಡಿಸಲುಗಳ ಒಳಗೆ ಹೊಕ್ಕು ನೋಡಿದರು. ಮಧ್ಯಾಹ್ನ, ಮೊದಲ ದಿನ ಗಂಟೆ ಬಾರಿಸಿದವಳೇ ಮತ್ತೆ ಬಾರಿಸಿದಳು. ಮಕ್ಕಳು ಕೂಗುತ್ತಾ ಕೆಡವಲು ಸುರುಮಾಡಿದರು. ಕಟ್ಟುವಾಗಿನ ಸಂತೋಷಕ್ಕಿಂತ ಒಂದು ಕೈ ಮೇಲೆಯೇ. ಚಹಾ ಕುಡಿಯುವುದರೊಳಗೆ ಬಯಲು ಬಯಲಾಯಿತು, ಒಂದನ್ನು ಬಿಟ್ಟು.

ನನ್ನದು ಅಲ್ಲಾಡಲಿಲ್ಲ. ಮಕ್ಕಳು ನೂಕಿದರು, ದೊಡ್ಡವರು ಎಳೆದರು. ಚಿಂತೆ ಮಾಡಬೇಡಿ ಎಂದು ನನಗೇ ಸಮಾಧಾನ ಹೇಳಿದರು. ಆ ಗಂಟು ಬಿಚ್ಚಲು ಗೊತ್ತಿದ್ದದ್ದು ಅಲ್ಲಿ ಒಬ್ಬನಿಗೆ. ಎಲ್ಲರೂ ಊಟ ಮಾಡುತ್ತಾ ನೋಡುತ್ತಿದ್ದಂತೆ ನಾನೇ ಮೇಲೆ ಹತ್ತಿ, ಒಂದೊಂದೇ ಗಂಟು ಬಿಚ್ಚಿ, ಒಂದೊಂದೇ ಮೊಳೆ ಕಿತ್ತು ಇಳಿಸಿದೆ. ಸಾವಿರಾರು ಚಪ್ಪರ ಬಿಚ್ಚಿದ್ದೇನೆ, ಅಷ್ಟು ಭಾರದ್ದು ಒಂದಿರಲಿಲ್ಲ. ಇಳಿಯುವಾಗ ಕಾಲು ಜಾರಿ ಹುಲ್ಲಿನ ಮೇಲೆ ಧೊಪ್ ಎಂದು ಬಿದ್ದೆ. ಆ ವಾರದಲ್ಲಿ ಎಲ್ಲರಿಗಿಂತ ಜೋರಾಗಿ ಬಿದ್ದದ್ದು ನಾನೇ. ಫ್ಲೂರ್ ಓಡಿ ಹೋಗಿ ಡೇರೆಯಿಂದ ಚಿತ್ರದ ಪಟ್ಟಿ ತಂದು ನನ್ನ ಮೊಣಕೈಗೆ ಅಂಟಿಸಿದಳು. ಹಾಜಿಯವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ಏಪ್ರಿಲ್‌ನಿಂದ ಈಚೆಗೆ ನಾನು ನೋಡಿರಲಿಲ್ಲ.

ಮತ್ತೆ ಸುಳ್ಯ

ವಿದೇಶಕ್ಕೆ ಹೋಗಿ ಬಂದವರನ್ನು ಸನ್ಮಾನಿಸದೆ ಬಿಡುವುದುಂಟೇ? 'ಅಧ್ಯಯನ ಪ್ರವಾಸ ಮುಗಿಸಿ ಬಂದ ಗಣ್ಯರಿಗೆ ಅಭಿನಂದನೆ' ಎಂಬ ಬ್ಯಾನರ್ ಕಟ್ಟಿದರು. ಶಾಮಿಯಾನ ನನ್ನದೇ, ಮೈಕು ನನ್ನದೇ. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ. ಮುಂದಿನ ಸಾಲಿನಲ್ಲಿ ಮಕ್ಕಳನ್ನು ಕೂರಿಸಿದ್ದರು, ಚಪ್ಪಾಳೆಗೆ. ಅವರ ನಡುವೆ ಸಫಾ ಇದ್ದಳು. ಮಾತಿನ ಕೊನೆಗೆ ಸಹಸಂಚಾಲಕರು ಹಾಜಿಯವರನ್ನು ಕೇಳಿದರು, ಬೀಳದ ಆಟ ಯಾವುದಾದರೂ ಸಿಕ್ಕಿತೇ ಎಂದು. ಅಬಾಕಸ್ ಕಲಿಸಲು ಸಮಿತಿ ಗೊತ್ತುಮಾಡಿದವರು ಎರಡನೇ ಸಾಲಿನಲ್ಲಿ ಇದ್ದರು. ನಾನು ಗುಡ್ಡೆ ಹೋಯಿತು ಎಂದೇ ಎಣಿಸಿದ್ದೆ.

ಹಾಜಿಯವರು ಎದ್ದು ನಿಂತರು.

"ಸಿಕ್ಕಿತು. ಬಾಲನೇ ಮಾಡಿ ತೋರಿಸಿದ. ಮಕ್ಕಳ ಕೈಯಿಂದ ಸುತ್ತಿಗೆ ತೆಗೆದು ನಾವೇ ಹೊಡೆದ್ರೆ ಒಬ್ಬರೂ ಬೀಳುದಿಲ್ಲ. ನಾನು ಆ ದಿನ ಆರಾಮ ಕೂತಿದ್ದೆ. ಆದ್ರೆ ತಿರುಗಿ ನೋಡಿದ್ರೆ ಅಲ್ಲಿ ಮಕ್ಕಳೇ ಇರ್ಲಿಲ್ಲ." ಸಮಿತಿಯವರ ಕಡೆ ತಿರುಗಿ ಹೇಳಿದರು: "ಏಪ್ರಿಲ್‌ನಲ್ಲಿ ಶಿಬಿರ ಗುಡ್ಡೆಯಲ್ಲಿ. ಭಾಷಣ ಇಲ್ಲ. ಸುತ್ತಿಗೆ, ಮೊಳೆ ನನ್ನ ಅಂಗಡಿಯಿಂದ."

ಮಕ್ಕಳು ಬಿದ್ರೆ ಎಂತ ಮಾಡುದು ಎಂದು ಯಾರೋ ಹಿಂದಿನಿಂದ ಕೇಳಿದರು.

"ಎತ್ತುವ," ಎಂದರು ಹಾಜಿಯವರು.

ಆ ಏಪ್ರಿಲ್‌ನಲ್ಲಿ ಗೇರುಗುಡ್ಡೆಗೆ ಮಕ್ಕಳು ಹಿಂದಿನ ವರ್ಷದಷ್ಟು ಬರಲಿಲ್ಲ. ಕೆಲವರ ಮನೆಯವರು ಕಳಿಸಲಿಲ್ಲ, ಅಬಾಕಸ್‌ಗೆ ಸೇರಿಸಿದರು. ಬಂದವರು ಸಾಕಿತ್ತು. ನಾನೂ ಹಾಜಿಯವರೂ ಒಂದು ಬಂಡೆಯ ಮೇಲೆ ಕೂತೆವು. ಏಳುವುದಿಲ್ಲ ಎಂದು ನಮ್ಮಿಬ್ಬರಲ್ಲೇ ಮಾತಾಗಿತ್ತು. ನನಗೆ ಅದು ಎಷ್ಟು ಕಷ್ಟ ಎಂದು ಚಪ್ಪರ ಕಟ್ಟುವವರಿಗೆ ಮಾತ್ರ ಗೊತ್ತಾದೀತು. ಎದುರಿನಲ್ಲೇ ಮಕ್ಕಳು ಕಟ್ಟುತ್ತಿದ್ದ ಗುಡಿಸಲಿನ ಕಂಬ ವಾರೆಯಾಗಿ ನಿಂತಿತ್ತು.

ಸಫಾ ಹಗ್ಗ ಹಿಡಿದುಕೊಂಡು ಮರ ಹತ್ತಿದಳು. ಅದೇ ಮರವಲ್ಲ, ಅದರ ಪಕ್ಕದ್ದು. ಮೊದಲ ಕವಲು ದಾಟಿದಳು. ಹಗ್ಗ ಕಟ್ಟಲು ಬಾಗುವಾಗ ಕಾಲು ತಪ್ಪಿತು. ಕೆಳಗಿನ ತರಗೆಲೆಯ ಮೇಲೆ ಕೂತ ಹಾಗೆ ಬಿದ್ದಳು. ಹಾಜಿಯವರು ನನ್ನ ಮಣಿಕಟ್ಟು ಹಿಡಿದರು. ಆ ಪ್ರಾಯದವರ ಕೈಯಲ್ಲಿ ಅಷ್ಟು ಶಕ್ತಿ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಸಫಾ ಅಳಲಿಲ್ಲ. ಮೊದಲು ತನ್ನ ಎಡಗೈ ನೋಡಿಕೊಂಡಳು. ಆಮೇಲೆ ತಲೆ ಎತ್ತಿ ಅಜ್ಜನ ಮುಖ ನೋಡಿದಳು, ಇದು ಅಳುವಷ್ಟು ಜೋರಾಗಿ ಬಿದ್ದದ್ದೋ ಅಲ್ಲವೋ ಎಂದು ಕೇಳುವ ಹಾಗೆ. ಹಾಜಿಯವರು ಕೂತಲ್ಲಿಂದಲೇ ಕೇಳಿದರು.

"ಎಷ್ಟು ಎತ್ತರ ಹತ್ತಿದ್ದೆ ಮಗಾ?"

ಅವಳು ಎದ್ದು, ಬೆನ್ನಿನ ಎಲೆ ಝಾಡಿಸಿ, ಆ ಕವಲನ್ನು ಬೆರಳಲ್ಲಿ ತೋರಿಸಿದಳು. ತೋರಿಸಿದವಳು ಮತ್ತೆ ಹಗ್ಗ ಹೆಗಲಿಗೆ ಹಾಕಿಕೊಂಡು ಹತ್ತಿದಳು. ಅವಳು ಗಂಟು ಕಟ್ಟಿ ಮುಗಿಸಿ ಕೆಳಗೆ ಇಳಿಯುವವರೆಗೆ ಹಾಜಿಯವರು ನನ್ನ ಕೈ ಬಿಡಲಿಲ್ಲ. ಅವರ ಐದು ಬೆರಳಿನ ಗುರುತು ಸಂಜೆ ಊಟಕ್ಕೆ ಕೂರುವಾಗಲೂ ನನ್ನ ಮಣಿಕಟ್ಟಿನ ಮೇಲೆ ಕೆಂಪಗೆ ಇತ್ತು.